ಚಳಿಗಾಲದ ಹುಲ್ಲಿನ ಲೆಕ್ಕ: ಡಾರ್ಟ್‌ಮೂರ್ ಗೋಮಾಳದ ಎಂಟುನೂರು ವರ್ಷ

ಊರಿಗೆಲ್ಲ ಸೇರಿದ ಹುಲ್ಲುಗಾವಲಿನಲ್ಲಿ ಒಬ್ಬೊಬ್ಬರು ಎಷ್ಟು ದನ, ಎಷ್ಟು ಕುರಿ ಬಿಡಬಹುದು? ಆ ಲೆಕ್ಕ ಹಾಕುವವರು ಯಾರು? ಲೆಕ್ಕ ಮೀರಿದವರನ್ನು ಕೇಳುವವರು ಯಾರು? ಈ ಮೂರು ಪ್ರಶ್ನೆಗಳಿಗೆ ಎಂಟುನೂರು ವರ್ಷಗಳಿಂದ ಉತ್ತರ ಹುಡುಕುತ್ತಲೇ ಇರುವ ಒಂದು ಜಾಗ ಇಂಗ್ಲೆಂಡಿನಲ್ಲಿದೆ. ಅದರ ಹೆಸರು ಡಾರ್ಟ್‌ಮೂರ್.

ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್ ಕೌಂಟಿಯಲ್ಲಿರುವ ಬೋಳುಗುಡ್ಡಗಳ ನಾಡು ಇದು. ಷರ್ಲಾಕ್ ಹೋಮ್ಸ್‌ನ ದೊಡ್ಡ ಬೇಟೆನಾಯಿಯ ಕಥೆ ಓದಿದವರಿಗೆ ಗೊತ್ತಿರುತ್ತದೆ, ಆ ಕಥೆ ನಡೆಯುವುದು ಇಲ್ಲೇ. 2011ರಲ್ಲಿ ಬಂದ ಸ್ಪೀಲ್‌ಬರ್ಗ್‌ನ 'ವಾರ್ ಹಾರ್ಸ್' ಸಿನಿಮಾದ ಹಲವು ದೃಶ್ಯಗಳನ್ನು ತೆಗೆದದ್ದೂ ಇಲ್ಲೇ. ಕಥೆಯಲ್ಲಿ, ಸಿನಿಮಾದಲ್ಲಿ ಅದು ಮಂಜು ಮುಸುಕಿದ ನಿರ್ಜನ ಜಾಗ. ಅಲ್ಲಿನ ರೈತರಿಗೆ ಮಾತ್ರ ಅದು ದನ, ಕುರಿ, ಕುದುರೆ ಮೇಯುವ ಗೋಮಾಳ.

ಯಾರ ಜಮೀನು, ಯಾರ ಹುಲ್ಲು

ಡಾರ್ಟ್‌ಮೂರ್ ರಾಷ್ಟ್ರೀಯ ಉದ್ಯಾನದ ಒಟ್ಟು ವಿಸ್ತೀರ್ಣ 954 ಚದರ ಕಿಲೋಮೀಟರ್. ಅದರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಅಂದರೆ ಸುಮಾರು 36 ಸಾವಿರ ಹೆಕ್ಟೇರ್, ಬೇಲಿ ಇಲ್ಲದ ಸಾಮೂಹಿಕ ಮೇವುನೆಲ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 89 ಸಾವಿರ ಎಕರೆ. ಅತಿ ಎತ್ತರದ ಗುಡ್ಡ 621 ಮೀಟರ್. ನಮ್ಮ ಮಲೆನಾಡಿನ ಗುಡ್ಡಗಳ ಮುಂದೆ ಅದು ಕುಳ್ಳು. ಆದರೆ ಗಾಳಿ ಮತ್ತು ಚಳಿ ವಿಪರೀತ. ನಡುಭಾಗದ ಪ್ರಿನ್ಸ್‌ಟೌನ್‌ನಲ್ಲಿ ವರ್ಷಕ್ಕೆ 2,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ. ಕೆಳಗೆ ಗ್ರಾನೈಟ್ ಬಂಡೆ. ಅದರ ಮೇಲೆ ಸಾವಿರಾರು ವರ್ಷಗಳಿಂದ ಸಸ್ಯಗಳು ಅರೆಕೊಳೆತು ಕಟ್ಟಿದ, ನೀರು ಹೀರಿಕೊಂಡ ಕಪ್ಪು ಮಣ್ಣು. ಅದಕ್ಕೆ ಪೀಟ್ ಎನ್ನುತ್ತಾರೆ. ಉತ್ತಿ ಬಿತ್ತಲು ಬಾರದ ನೆಲ. ಆದ್ದರಿಂದಲೇ ಅದು ಹುಲ್ಲುಗಾವಲಾಗಿ ಉಳಿಯಿತು.

ಒಂದು ವಿಷಯ ಮೊದಲೇ ಸ್ಪಷ್ಟವಾಗಬೇಕು. ಇಂಗ್ಲೆಂಡಿನಲ್ಲಿ 'ಕಾಮನ್' ಎಂದರೆ ಮಾಲೀಕರಿಲ್ಲದ ಜಾಗ ಅಲ್ಲ. ಪ್ರತಿ ಕಾಮನ್‌ಗೂ ಒಬ್ಬ ಮಾಲೀಕ ಇದ್ದಾನೆ. ಆದರೆ ಅಲ್ಲಿನ ಹುಲ್ಲಿನ ಮೇಲೆ ಸುತ್ತಲಿನ ಹಳ್ಳಿಗಳ ರೈತರಿಗೆ ಹಕ್ಕು ಇದೆ. ದನ ಮೇಯಿಸುವುದು, ಉರುವಲಿಗೆ ಪೀಟ್ ಕಡಿಯುವುದು, ಮನೆಗೆ ಕಲ್ಲು, ಮರಳು ತರುವುದು ಎಂದು ಬೇರೆ ಬೇರೆ ಹಕ್ಕುಗಳು. ಈ ಹಕ್ಕು ರೈತನ ಮನೆ ಮತ್ತು ಸ್ವಂತ ಜಮೀನಿಗೆ ಅಂಟಿಕೊಂಡು ಬಂದದ್ದು. ಹಕ್ಕುಳ್ಳವರನ್ನು 'ಕಾಮನರ್' ಎನ್ನುತ್ತಾರೆ. ನಾವು ಇಲ್ಲಿ ಹಕ್ಕುದಾರರು ಎನ್ನೋಣ.

ಈ ಗುಡ್ಡಗಳಲ್ಲಿ ಮೇವಿನ ಗಡಿ ಹಾಕುವ ಕೆಲಸ ರಾಜರಿಗಿಂತ ಹಳೆಯದು. ಸುಮಾರು 3,500 ವರ್ಷಗಳ ಹಿಂದೆ, ಕಂಚಿನ ಯುಗದ ಜನ ಇಲ್ಲಿ ಮೈಲಿಗಟ್ಟಲೆ ಉದ್ದದ ಕಲ್ಲಿನ ಸಾಲುಗಳನ್ನು ಕಟ್ಟಿದ್ದರು. 'ರೀವ್' ಎಂದು ಕರೆಯುವ ಈ ಸಾಲುಗಳು ಈಗ ಹುಲ್ಲಿನಲ್ಲಿ ಹೂತು ದಿಬ್ಬಗಳಂತೆ ಕಾಣುತ್ತವೆ. ಪುರಾತತ್ವಜ್ಞ ಆಂಡ್ರ್ಯೂ ಫ್ಲೆಮಿಂಗ್ 1970ರ ದಶಕದಿಂದ ಇವುಗಳ ಜಾಡು ಹಿಡಿದು ಅಧ್ಯಯನ ಮಾಡಿದರು. ಕೆಲವು ಸಾಲುಗಳು ಹೊಲಗಳ ಬದುಗಳು. ಇನ್ನು ಕೆಲವು ಹೊಲದ ನೆಲವನ್ನೂ ಮೇಲಿನ ಮೇವುನೆಲವನ್ನೂ ಬೇರ್ಪಡಿಸುವ ಗಡಿಗಳು.

ಬೇಟೆಯ ಕಾಡು ಮೇವಿನ ನೆಲವಾದದ್ದು

ಡಾರ್ಟ್‌ಮೂರ್‌ನ ನಡುಭಾಗಕ್ಕೆ ಇಂದಿಗೂ 'ಫಾರೆಸ್ಟ್' ಎಂಬ ಹೆಸರಿದೆ. ಅಲ್ಲಿ ಮರಗಳು ಬಹಳ ಕಡಿಮೆ. ಆ ಕಾಲದಲ್ಲಿ 'ಫಾರೆಸ್ಟ್' ಎಂದರೆ ಮರಗಳಿರುವ ಕಾಡು ಎಂದಲ್ಲ, ರಾಜನ ಬೇಟೆಗೆ ಮೀಸಲಾದ ಜಾಗ ಎಂದು ಅರ್ಥ. 1204ರಲ್ಲಿ ಜಾನ್ ದೊರೆ ಡೆವನ್‌ನ ಉಳಿದ ಭಾಗವನ್ನು ಬೇಟೆಯ ಕಾನೂನಿನಿಂದ ಬಿಡುಗಡೆ ಮಾಡಿದ. ಡಾರ್ಟ್‌ಮೂರ್ ಮತ್ತು ಎಕ್ಸ್‌ಮೂರ್ ಮಾತ್ರ ಉಳಿದವು. 1239ರಲ್ಲಿ ಮೂರನೇ ಹೆನ್ರಿ ದೊರೆ ಡಾರ್ಟ್‌ಮೂರ್ ಅನ್ನು ತನ್ನ ತಮ್ಮ, ಕಾರ್ನ್‌ವಾಲ್‌ನ ಅರ್ಲ್ ರಿಚರ್ಡನಿಗೆ ಕೊಟ್ಟ. ಮರುವರ್ಷ 12 ಮಂದಿ ನೈಟ್‌ಗಳು ಅದರ ಗಡಿಯನ್ನು ಗುರುತಿಸಿ ದಾಖಲೆ ಮಾಡಿದರು. ಗುಡ್ಡ, ಹಳ್ಳ, ಬಂಡೆಗಳನ್ನೇ ಗಡಿಕಲ್ಲುಗಳಾಗಿ ಹಿಡಿದ ಆ ಗಡಿ ಮುಂದೆ ಶತಮಾನಗಳ ಜಗಳಗಳಿಗೆಲ್ಲ ಸಾಕ್ಷಿಯಾಯಿತು. 1337ರಲ್ಲಿ ಈ ಜಾಗ 'ಡಚಿ ಆಫ್ ಕಾರ್ನ್‌ವಾಲ್' ಎಂಬ ಯುವರಾಜನ ಜಹಗೀರಿಗೆ ಸೇರಿತು. ಇಂದಿಗೂ ಅದು ಬ್ರಿಟನ್ ಯುವರಾಜನ ಜಹಗೀರಿನಲ್ಲೇ ಇದೆ.

ಜಿಂಕೆಗಿಂತ ದನದಿಂದ ಹೆಚ್ಚು ಹುಟ್ಟುವಳಿ ಬರುತ್ತದೆ ಎಂಬುದು ಜಹಗೀರಿನ ಅಧಿಕಾರಿಗಳಿಗೆ ಬೇಗ ತಿಳಿಯಿತು. ಬೇಸಿಗೆ ಬಂತೆಂದರೆ ಡೆವನ್‌ನ ತಗ್ಗಿನ ಹಳ್ಳಿಗಳಿಂದ ಸಾವಿರಾರು ಕೆಂಪು ದನಗಳು ಗುಡ್ಡ ಹತ್ತುತ್ತಿದ್ದವು. ತಗ್ಗಿನ ಹೊಲಗಳಲ್ಲಿ ಆಗ ಬೆಳೆ ನಿಂತಿರುತ್ತಿತ್ತು, ಹುಲ್ಲನ್ನು ಚಳಿಗಾಲಕ್ಕೆ ಕಾಪಿಡಬೇಕಿತ್ತು. ಆದ್ದರಿಂದ ದನಗಳು ಬೇಸಿಗೆಯಿಡೀ ಮೇಲೆ ಮೇದು, ಚಳಿ ಬೀಳುವ ಮುನ್ನ ಕೆಳಗಿಳಿಯುತ್ತಿದ್ದವು. ತಲೆಗೆ ಇಷ್ಟು ಎಂದು ಶುಲ್ಕ ವಸೂಲಿ ಆಗುತ್ತಿತ್ತು. 14ನೇ ಶತಮಾನದ ಲೆಕ್ಕದ ಕಡತಗಳು ಈಗಲೂ ಉಳಿದಿವೆ.

ಎಲ್ಲರಿಗೂ ಒಂದೇ ದರ ಇರಲಿಲ್ಲ. ಫಾರೆಸ್ಟ್‌ಗೆ ಅಂಟಿಕೊಂಡ ಹಳ್ಳಿಗಳ ರೈತರು 'ವೆನ್‌ವಿಲ್' ಒಕ್ಕಲುಗಳು. ಅವರು ಹಳ್ಳಿಗೆ ಇಷ್ಟು ಎಂದು ಸಣ್ಣ ಕಂದಾಯ ಕಟ್ಟಿ, ಹಗಲು ಹೊತ್ತು ದನ ಮೇಯಿಸಬಹುದಿತ್ತು. ರಾತ್ರಿಯೂ ಅಲ್ಲೇ ಬಿಡಬೇಕಿದ್ದರೆ ಬೇರೆ ಹಣ. ದೂರದ ಡೆವನ್ ಹಳ್ಳಿಗಳವರಿಗೂ ಹಣ ಕಟ್ಟಿ ದನ ಬಿಡುವ ಅವಕಾಶ ಇತ್ತು. ಬಾರ್ನ್‌ಸ್ಟೇಪಲ್, ಟಾಟ್ನೆಸ್ ಎಂಬ ಎರಡು ಪಟ್ಟಣಗಳವರಿಗೆ ಮಾತ್ರ ಇರಲಿಲ್ಲ. ಹತ್ತಿರದವನಿಗೆ ಒಂದು ಹಕ್ಕು, ದೂರದವನಿಗೆ ಇನ್ನೊಂದು ಹಕ್ಕು, ಯಾರಿಗೆ ಹಕ್ಕೇ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಮನೆಯ ಬಣವೆಯೇ ಅಳತೆಗೋಲು

ಈ ಇತಿಹಾಸದಲ್ಲಿ ನಮಗೆ ಮುಖ್ಯ ಎನಿಸಿದ್ದು ಒಂದು ಹಳೆಯ ನಿಯಮ. ಇಂಗ್ಲಿಷ್ ಕಾನೂನಿನಲ್ಲಿ ಅದನ್ನು 'ಲೆವನ್ಸಿ ಅಂಡ್ ಕೌಚನ್ಸಿ' ಎನ್ನುತ್ತಾರೆ. ಹಳೆಯ ಫ್ರೆಂಚ್ ಮಾತು. ಅರ್ಥ, 'ಏಳುವ ಮತ್ತು ಮಲಗುವ' ದನ. ಅಂದರೆ ನಿನ್ನ ಸ್ವಂತ ಜಮೀನಿನಲ್ಲಿ ಬೆಳೆದ ಹುಲ್ಲಿನಿಂದ ಚಳಿಗಾಲದಲ್ಲಿ ಎಷ್ಟು ದನ ಸಾಕಬಲ್ಲೆಯೋ, ಬೇಸಿಗೆಯಲ್ಲಿ ಅಷ್ಟನ್ನು ಮಾತ್ರ ಗುಡ್ಡಕ್ಕೆ ಬಿಡಬಹುದು. ಅದಕ್ಕಿಂತ ಒಂದು ಕರು ಹೆಚ್ಚು ಇಲ್ಲ.

ಈ ನಿಯಮದಲ್ಲಿ ಸಂಖ್ಯೆ ಇಲ್ಲ, ಬುಕ್ಕು ಇಲ್ಲ, ಗುಮಾಸ್ತ ಇಲ್ಲ. ನೆರೆಯವನ ಬಣವೆ ಎಷ್ಟು ದೊಡ್ಡದು, ಕೊಟ್ಟಿಗೆಯಲ್ಲಿ ಎಷ್ಟು ಗೂಟ ಇವೆ ಎಂಬುದು ಊರಿಗೆಲ್ಲ ಕಾಣುತ್ತದೆ. ಹತ್ತು ದನಕ್ಕೆ ಮೇವು ಇರುವವನು ನಲವತ್ತು ದನ ಗುಡ್ಡಕ್ಕೆ ಹೊಡೆದರೆ ಯಾರಿಗಾದರೂ ತಿಳಿದೇ ತಿಳಿಯುತ್ತದೆ. ಇನ್ನೊಂದು ಲಾಭ ದನಗಳಿಗೆ. ಗುಡ್ಡದ ಮೇಲಿರುವ ಪ್ರತಿ ದನಕ್ಕೂ ಕೆಳಗೆ ಚಳಿಗಾಲದ ಮೇವು, ಒಂದು ಸೂರು ಕಾದಿರುತ್ತದೆ. ಹುಲ್ಲಿನ ರಕ್ಷಣೆ, ಪ್ರಾಣಿಯ ಕ್ಷೇಮ ಎರಡೂ ಒಂದೇ ನಿಯಮದೊಳಗೆ ಇದ್ದವು. ಮುಂದೆ ಇವೆರಡೂ ಬೇರೆಯಾದಾಗಲೇ ತೊಂದರೆ ಶುರುವಾದದ್ದು.

ನಿಯಮ ಮುರಿದವರನ್ನು ಹಿಡಿಯಲು 'ಡ್ರಿಫ್ಟ್' ಇತ್ತು. ಫಾರೆಸ್ಟ್ ಅನ್ನು ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂದು ನಾಲ್ಕು ಭಾಗ ಮಾಡಿದ್ದರು. ಮುಂಚಿತವಾಗಿ ದಿನ ಹೇಳದೆ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಒಂದು ಭಾಗದ ಎಲ್ಲ ದನ ಅಥವಾ ಕುದುರೆಗಳನ್ನು ಒಟ್ಟಿಗೆ ಹೊಡೆದು ತರುತ್ತಿದ್ದರು. ಹಕ್ಕುದಾರರು ಬಂದು ತಮ್ಮ ಗುರುತು ತೋರಿಸಿ ಬಿಡಿಸಿಕೊಂಡು ಹೋಗಬೇಕು. ಉಳಿದವನ್ನು ಡನ್ನಬ್ರಿಜ್ ಎಂಬಲ್ಲಿನ ಕಲ್ಲಿನ ದೊಡ್ಡಿಗೆ ಹಾಕುತ್ತಿದ್ದರು. ದಂಡ ಕಟ್ಟಿದರೆ ಮಾತ್ರ ಬಿಡುಗಡೆ. ಆ ದುಂಡನೆಯ ದೊಡ್ಡಿ ಇಂದಿಗೂ ರಸ್ತೆ ಪಕ್ಕದಲ್ಲಿ ನಿಂತಿದೆ.

ದೊಡ್ಡಿ ಎಂದರೇನು ಎಂದು ನಮ್ಮ ಓದುಗರಿಗೆ ಹೇಳಬೇಕಿಲ್ಲ. ಹೊಲಕ್ಕೆ ನುಗ್ಗಿದ ದನವನ್ನು ಕೂಡಿಹಾಕಿ ದಂಡ ವಸೂಲು ಮಾಡುವ ಈ ಪದ್ಧತಿಯನ್ನು ಬ್ರಿಟಿಷ್ ಸರ್ಕಾರ 1871ರ ದನಗಳ ಅತಿಕ್ರಮಣ ಕಾಯ್ದೆಯ ಮೂಲಕ ಭಾರತದಲ್ಲೂ ಕಾನೂನು ಮಾಡಿತು. ನಮ್ಮಲ್ಲಿ ದೊಡ್ಡಿ ಬಂತು. ಬಣವೆ ನೋಡಿ ದನ ಬಿಡುವ ನಿಯಮ ಬರಲಿಲ್ಲ.

ಬೇಲಿ ಹಾಕಿದವರು

ಸಾಮೂಹಿಕ ಹುಲ್ಲುಗಾವಲಿಗೆ ಬೇಲಿ ಹಾಕಲು ಇಂಗ್ಲೆಂಡಿನಲ್ಲಿ ಕಾನೂನಿನ ದಾರಿ 1235ರಲ್ಲೇ ತೆರೆದಿತ್ತು. ಮರ್ಟನ್ ಶಾಸನದ ಪ್ರಕಾರ ಒಕ್ಕಲುಗಳಿಗೆ ಸಾಕಾಗುವಷ್ಟು ಹುಲ್ಲು ಬಿಟ್ಟು ಉಳಿದದ್ದನ್ನು ಜಮೀನ್ದಾರ ಬೇಲಿ ಹಾಕಿಕೊಳ್ಳಬಹುದಿತ್ತು. 'ಸಾಕಾಗುವಷ್ಟು' ಎಂದರೆ ಎಷ್ಟು ಎಂಬ ಜಗಳ ಶತಮಾನಗಳ ಕಾಲ ನಡೆಯಿತು. 18, 19ನೇ ಶತಮಾನಗಳಲ್ಲಿ ಸಂಸತ್ತಿನ ಕಾಯ್ದೆಗಳ ಮೂಲಕ ದೇಶದ ಬಹುಪಾಲು ಸಾಮೂಹಿಕ ನೆಲ ಖಾಸಗಿಯವರ ಪಾಲಾಯಿತು.

ಡಾರ್ಟ್‌ಮೂರ್‌ನಲ್ಲೂ ಯತ್ನ ನಡೆಯಿತು. ಥಾಮಸ್ ಟಿರ್‌ವಿಟ್ ಎಂಬ ದರ್ಬಾರಿನ ಅಧಿಕಾರಿ 1780ರ ದಶಕದಿಂದ ಗುಡ್ಡದ ನಡುವೆ ಹೊಲ ಮಾಡಿ ಬೆಳೆ ಬೆಳೆಯಲು ಹೊರಟ. ಪ್ರಿನ್ಸ್‌ಟೌನ್ ಎಂಬ ಊರು ಕಟ್ಟಿದ. ಹುಳಿ ಮಣ್ಣು, ಸುರಿಯುವ ಮಳೆ, ಕಡಿಯುವ ಗಾಳಿ ಅವನ ಬೆಳೆಯನ್ನು ಸೋಲಿಸಿದವು. ಕೊನೆಗೆ ಆ ಊರನ್ನು ಉಳಿಸಿದ್ದು ಬೆಳೆ ಅಲ್ಲ, ಜೈಲು. ಫ್ರೆಂಚ್ ಯುದ್ಧಕೈದಿಗಳಿಗಾಗಿ 1806ರಲ್ಲಿ ಕಟ್ಟಲು ಶುರು ಮಾಡಿ 1809ರಲ್ಲಿ ತೆರೆದ ಡಾರ್ಟ್‌ಮೂರ್ ಜೈಲು ಅದು. ಬೇಸಾಯ ಸೋತರೂ ಸಾವಿರಾರು ಎಕರೆಗೆ ಕಲ್ಲುಗೋಡೆ ಎದ್ದಿತ್ತು. ಇನ್ನಷ್ಟು ನೆಲ ಹೋಗದಂತೆ ತಡೆಯಲು 1883ರಲ್ಲಿ ಡಾರ್ಟ್‌ಮೂರ್ ಸಂರಕ್ಷಣಾ ಸಂಘ ಹುಟ್ಟಿತು.

ಬಣವೆ ಹೋಗಿ ಕಾಗದ ಬಂತು

ಎರಡನೇ ಮಹಾಯುದ್ಧದ ನಂತರ ಬ್ರಿಟನ್‌ನಲ್ಲಿ ಯಾರ ಹಕ್ಕು ಎಲ್ಲಿದೆ ಎಂಬುದೇ ಗೊಂದಲವಾಗಿತ್ತು. 1955ರಲ್ಲಿ ಸಾಮೂಹಿಕ ನೆಲದ ಬಗ್ಗೆ ಒಂದು ರಾಯಲ್ ಆಯೋಗ ನೇಮಕವಾಯಿತು. ಅಧ್ಯಕ್ಷರು ಸರ್ ಐವರ್ ಜೆನ್ನಿಂಗ್ಸ್. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಭಾರತದ ಸಂವಿಧಾನದ ಬಗ್ಗೆ ಉಪನ್ಯಾಸ ಮಾಡಿ, ಅದು ತೀರಾ ಉದ್ದವಾಯಿತು ಎಂದು ಟೀಕಿಸಿದ ಕಾನೂನು ಪಂಡಿತರು ಇವರೇ. 1958ರಲ್ಲಿ ಆಯೋಗ ಕೊಟ್ಟ ಸಲಹೆಯಲ್ಲಿ ಎರಡು ಹೆಜ್ಜೆ ಇದ್ದವು. ಮೊದಲು ಎಲ್ಲ ಕಾಮನ್‌ಗಳನ್ನು, ಹಕ್ಕುಗಳನ್ನು ನೋಂದಾಯಿಸಿ. ಆಮೇಲೆ ಅವುಗಳ ನಿರ್ವಹಣೆಗೆ ಕಾನೂನು ಮಾಡಿ.

ಮೊದಲ ಹೆಜ್ಜೆಗೆ 1965ರಲ್ಲಿ ಕಾಯ್ದೆ ಬಂತು. ಅರ್ಜಿ ಹಾಕಲು 1970ರ ಜನವರಿ ಆರಂಭದವರೆಗೆ ಗಡುವು. ಗಡುವಿನೊಳಗೆ ಬರೆಸದ ಹಕ್ಕು ಸತ್ತಂತೆ. ಬರೆಸುವಾಗ 'ನನ್ನ ಬಣವೆಗೆ ತಕ್ಕಷ್ಟು' ಎಂದರೆ ಆಗದು. ಇಷ್ಟು ದನ, ಇಷ್ಟು ಕುರಿ, ಇಷ್ಟು ಕುದುರೆ ಎಂದು ಅಂಕಿ ಕೊಡಲೇಬೇಕು.

ಆಗ ಏನಾಯಿತು ಎಂದು ಹಳ್ಳಿಯಲ್ಲಿ ಬೆಳೆದ ಯಾರಾದರೂ ಊಹಿಸಬಹುದು. ನೆರೆಯವನು ಇನ್ನೂರು ಕುರಿ ಬರೆಸಿದ್ದಾನೆ ಎಂದು ಕೇಳಿದವನು ಮುನ್ನೂರು ಬರೆಸಿದ. ಮುಂದೆ ಬೇಕಾದೀತು ಎಂದು ಮಕ್ಕಳ ಹೆಸರಿನಲ್ಲಿ ಯೋಚಿಸಿ ಬರೆಸಿದವರಿದ್ದರು. ಯಾರೂ ತಕರಾರು ಹಾಕದಿದ್ದರೆ ಬರೆದದ್ದೇ ಅಂತಿಮ. ನೆರೆಯವನ ಮೇಲೆ ತಕರಾರು ಹಾಕಿ ದ್ವೇಷ ಕಟ್ಟಿಕೊಳ್ಳುವವರು ಯಾರು? ಹೀಗೆ ಹಲವು ಕಡೆ ನೆಲ ತಡೆಯಬಲ್ಲದ್ದಕ್ಕಿಂತ ಎಷ್ಟೋ ಹೆಚ್ಚು ಪ್ರಾಣಿಗಳು ಕಾಗದದ ಮೇಲೆ ಹಕ್ಕು ಪಡೆದವು. ಎರಡನೇ ಹೆಜ್ಜೆಯಾಗಿ ಬರಬೇಕಿದ್ದ ನಿರ್ವಹಣೆಯ ಕಾನೂನು ಇಡೀ ದೇಶಕ್ಕೆ ಬಂದದ್ದು 2006ರಲ್ಲಿ. ನಡುವೆ ನಾಲ್ಕು ದಶಕ ಕಳೆದಿದ್ದವು.

ಇದೇ ಹೊತ್ತಿಗೆ ಸರ್ಕಾರ ಇನ್ನೊಂದು ಕಡೆಯಿಂದ ತಳ್ಳಿತು. ಯುದ್ಧದಲ್ಲಿ ಹಸಿವು ಕಂಡ ಬ್ರಿಟನ್ ಮಾಂಸ ಮತ್ತು ಉಣ್ಣೆ ಹೆಚ್ಚಿಸಲು ಗುಡ್ಡದ ರೈತರಿಗೆ ಸಹಾಯಧನ ಕೊಡತೊಡಗಿತು. 1946ರ ಗುಡ್ಡಗಾಡು ಬೇಸಾಯ ಕಾಯ್ದೆ, 1970ರ ದಶಕದ ಯುರೋಪಿನ ಯೋಜನೆ ಎರಡರಲ್ಲೂ ತಲೆಗೆ ಇಷ್ಟು ಎಂದು ಹಣ. ಹೆಚ್ಚು ಕುರಿ ಇದ್ದಷ್ಟೂ ಹೆಚ್ಚು ಹಣ. ಕುರಿ ಕೊಬ್ಬಿದೆಯೋ ಸೊರಗಿದೆಯೋ ಎಂಬುದಕ್ಕಿಂತ ಎಣಿಕೆಗೆ ಸಿಕ್ಕಿತೋ ಇಲ್ಲವೋ ಎಂಬುದು ಮುಖ್ಯವಾಯಿತು. ಮೊದಲು ಚಳಿಗಾಲಕ್ಕೆ ಕೆಳಗಿಳಿಯುತ್ತಿದ್ದ ಪ್ರಾಣಿಗಳು ಈಗ ವರ್ಷವಿಡೀ ಮೇಲೆಯೇ ಉಳಿದವು.

ಹಿಮದಲ್ಲಿ ಸಿಕ್ಕಿದ ಪ್ರಾಣಿಗಳು

ಅದರ ಬೆಲೆ ತೆತ್ತದ್ದು ಮೂಕ ಪ್ರಾಣಿಗಳು. 1947ರ ಚಳಿಗಾಲ ಮತ್ತು 1962–63ರ ಚಳಿಗಾಲ ಇಂಗ್ಲೆಂಡಿನ ಹಳಬರು ಮರೆಯದ ಎರಡು ಹೆಸರುಗಳು. ಎರಡನೆಯದರಲ್ಲಿ ಡಿಸೆಂಬರ್ ಕೊನೆಯಲ್ಲಿ ಬಿದ್ದ ಹಿಮ ಮಾರ್ಚ್ ಆರಂಭದವರೆಗೂ ಕರಗಲಿಲ್ಲ. ಡಾರ್ಟ್‌ಮೂರ್‌ನ ಒಂಟಿಮನೆಗಳಿಗೆ ದಾರಿ ಮುಚ್ಚಿ, ಹೆಲಿಕಾಪ್ಟರ್‌ನಿಂದ ಮೇವು ಇಳಿಸಬೇಕಾಯಿತು. ಕುರಿಗಳು ಹಿಮದ ರಾಶಿಯ ಕೆಳಗೆ ಹೂತುಹೋದವು. ಕುದುರೆಗಳು ಹಸಿವಿನಿಂದ ಸತ್ತವು. ಪಟ್ಟಣದ ಜನ ಪತ್ರಿಕೆಗಳಲ್ಲಿ ಚಿತ್ರ ನೋಡಿ ಸಿಟ್ಟಾದರು. ಗುಡ್ಡದಲ್ಲಿ ಪ್ರಾಣಿ ಬಿಟ್ಟವನ ಹೊಣೆ ಏನು ಎಂಬ ಪ್ರಶ್ನೆ ಸಾರ್ವಜನಿಕವಾಗಿ ಎದ್ದಿತು.

ಕುದುರೆಗಳ ಕಥೆ ಬೇರೆಯದೇ. ಡಾರ್ಟ್‌ಮೂರ್‌ನ ಕುಳ್ಳು ಕುದುರೆಗಳು ಕಾಡುಪ್ರಾಣಿಗಳಂತೆ ಕಂಡರೂ ಪ್ರತಿಯೊಂದಕ್ಕೂ ಮಾಲೀಕ ಇದ್ದಾನೆ. ಒಂದು ಕಾಲದಲ್ಲಿ ಕಲ್ಲಿದ್ದಲ ಗಣಿಯೊಳಗೆ ಗಾಡಿ ಎಳೆಯಲು ಕುಳ್ಳು ಕುದುರೆ ಬೇಕಿತ್ತು. ಇನ್ನೂ ಕುಳ್ಳಾಗಲಿ ಎಂದು ಶೆಟ್ಲೆಂಡ್ ತಳಿಯ ಗಂಡು ಕುದುರೆಗಳನ್ನು ತಂದು ಬಿಟ್ಟರು. ಗಣಿಗೆ ಯಂತ್ರ ಬಂತು, ಕುದುರೆಗೆ ಬೆಲೆ ಹೋಯಿತು. 1950ರ ಸುಮಾರಿಗೆ 30 ಸಾವಿರ ಇದ್ದವು ಎಂದು ಅಂದಾಜಿಸುವ ಕುದುರೆಗಳು ಈಗ ಒಂದೂವರೆ ಸಾವಿರದ ಆಸುಪಾಸಿಗೆ ಇಳಿದಿವೆ. ಬೆಲೆ ಇಲ್ಲದ ಪ್ರಾಣಿಗೆ ಔಷಧಿ, ಮೇವು ಯಾರು ಕೊಡುತ್ತಾರೆ? ಉಪಯೋಗ ನಿಂತ ಮೇಲೆ ಎತ್ತುಗಳ ಗತಿ ಏನಾಯಿತು ಎಂದು ನೋಡಿದ ನಮಗೆ ಇದು ಹೊಸದಲ್ಲ.

ಹಕ್ಕುದಾರರದೇ ಕೌನ್ಸಿಲ್

ಇಡೀ ದೇಶಕ್ಕೆ ಕಾನೂನು ಬರುವವರೆಗೆ ಡಾರ್ಟ್‌ಮೂರ್‌ನವರು ಕಾಯಲಿಲ್ಲ. ತಮಗಾಗಿಯೇ ಪ್ರತ್ಯೇಕ ಕಾನೂನು ಬೇಕೆಂದು ಕೇಳಿ ಪಡೆದರು. ಅದೇ 1985ರ ಡಾರ್ಟ್‌ಮೂರ್ ಕಾಮನ್ಸ್ ಕಾಯ್ದೆ. ಅದೊಂದು ಕೊಡು-ಕೊಳ್ಳುವ ಒಪ್ಪಂದ. ಸಾರ್ವಜನಿಕರಿಗೆ ಗುಡ್ಡದಲ್ಲಿ ನಡೆದಾಡಲು, ಕುದುರೆ ಸವಾರಿ ಮಾಡಲು ಕಾನೂನಿನ ಹಕ್ಕು ಸಿಕ್ಕಿತು. ರೈತರಿಗೆ ಡಾರ್ಟ್‌ಮೂರ್ ಹಕ್ಕುದಾರರ ಕೌನ್ಸಿಲ್ ಸಿಕ್ಕಿತು.

ಕೌನ್ಸಿಲ್‌ನಲ್ಲಿ ಬಹುಪಾಲು ಸದಸ್ಯರು ನಾಲ್ಕು ದಿಕ್ಕಿನ ಭಾಗಗಳಿಂದ ಆಯ್ಕೆಯಾದ ಹಕ್ಕುದಾರರು. ಜತೆಗೆ ರಾಷ್ಟ್ರೀಯ ಉದ್ಯಾನದ ಮತ್ತು ಡಚಿಯ ಪ್ರತಿನಿಧಿಗಳು. ಇನ್ನೊಂದು ಕುರ್ಚಿ ಪಶುವೈದ್ಯರಿಗೆ. ಮೇವಿನ ಬಗ್ಗೆ ತೀರ್ಮಾನ ಮಾಡುವ ಸಭೆಯಲ್ಲಿ ಪ್ರಾಣಿಯ ಪರವಾಗಿ ಮಾತನಾಡಲು ಒಬ್ಬ ವೈದ್ಯ ಕೂತಿರಬೇಕು ಎಂದು ಕಾನೂನೇ ಹೇಳಿತು.

ಕೌನ್ಸಿಲ್‌ಗೆ ನಿಯಮ ಮಾಡುವ, ಮುರಿದವರನ್ನು ಕೋರ್ಟಿಗೆ ಎಳೆಯುವ ಅಧಿಕಾರ ಇದೆ. ಪ್ರತಿ ಪ್ರಾಣಿಗೂ ಗುರುತು ಇರಬೇಕು. ರೋಗ ಬಂದ, ಗಾಯಗೊಂಡ ಪ್ರಾಣಿಯನ್ನು ಮಾಲೀಕ ಗುಡ್ಡದಿಂದ ಇಳಿಸಬೇಕು. ಯಾವ ಗಂಡು ಕುದುರೆ, ಹೋರಿ, ಟಗರನ್ನು ಯಾವಾಗ ಬಿಡಬಹುದು ಎಂಬುದಕ್ಕೆ ನಿಯಮ ಇದೆ. ಕಾಗದದ ಮೇಲೆ ಎಷ್ಟೇ ಹಕ್ಕಿರಲಿ, ನೆಲ ತಡೆಯದಿದ್ದರೆ ಸಂಖ್ಯೆ ಇಳಿಸಿ ಎಂದು ನೋಟಿಸ್ ಕೊಡುವ ಅಧಿಕಾರವೂ ಇದೆ. ಶರತ್ಕಾಲದಲ್ಲಿ ಇಂದಿಗೂ ಕುದುರೆಗಳ ಡ್ರಿಫ್ಟ್ ನಡೆಯುತ್ತದೆ. ಎಲ್ಲವನ್ನೂ ಒಟ್ಟಿಗೆ ಹೊಡೆದು ತಂದು, ಆರೋಗ್ಯ ನೋಡಿ, ಮರಿಗಳನ್ನು ಬೇರ್ಪಡಿಸಿ, ಉಳಿದವನ್ನು ಮತ್ತೆ ಬಿಡುತ್ತಾರೆ. ಬೇಲಿ ಇಲ್ಲದ ರಸ್ತೆಗಳಲ್ಲಿ ವಾಹನಗಳಿಗೆ ಗಂಟೆಗೆ 40 ಮೈಲಿಯ ಮಿತಿ ಇದೆ. ಹಾಗಿದ್ದೂ ಪ್ರತಿವರ್ಷ ಕುರಿ, ದನ, ಕುದುರೆಗಳು ಗಾಡಿಗೆ ಸಿಕ್ಕಿ ಸಾಯುತ್ತಲೇ ಇವೆ.

ತಾಯಿ ಕಲಿಸಿದ ಗಡಿ

ಬೇಲಿಯೇ ಇಲ್ಲದ ಗುಡ್ಡದಲ್ಲಿ ಒಬ್ಬನ ಕುರಿ ಇನ್ನೊಬ್ಬನ ಕಡೆ ಹೋಗದಂತೆ ತಡೆಯುವುದು ಏನು? ಕುರಿಯ ನೆನಪು. ಪ್ರತಿ ಹಿಂಡಿಗೂ ತನ್ನದೇ ಜಾಗ ಇರುತ್ತದೆ. ಎಲ್ಲಿ ಹುಲ್ಲು, ಎಲ್ಲಿ ನೀರು, ಗಾಳಿ ಬೀಸಿದಾಗ ಯಾವ ಬಂಡೆಯ ಮರೆ ಎಂಬುದನ್ನು ತಾಯಿಕುರಿ ಮರಿಗೆ ಕಲಿಸುತ್ತದೆ. ಆ ಮರಿ ಬೆಳೆದು ತನ್ನ ಮರಿಗೆ ಕಲಿಸುತ್ತದೆ. ಡಾರ್ಟ್‌ಮೂರ್‌ನಲ್ಲಿ ಇದಕ್ಕೆ 'ಲೇರ್' ಎನ್ನುತ್ತಾರೆ. ಹಾಗೆ ನೆಲೆ ಕಲಿತ ಹಿಂಡನ್ನು ಮಾರಿಬಿಟ್ಟರೆ ಸಂತೆಯಿಂದ ಹೊಸದನ್ನು ತಂದು ತುಂಬಲಾಗದು. ಹೊಸ ಕುರಿಗಳು ನಿಲ್ಲುವುದಿಲ್ಲ. ಚೆದುರಿಹೋಗುತ್ತವೆ, ಇಲ್ಲವೇ ಚಳಿಗೆ ಮರೆ ತಿಳಿಯದೆ ಸಾಯುತ್ತವೆ.

ಈ ಮಾತು 2001ರಲ್ಲಿ ಎಲ್ಲರಿಗೂ ಅರ್ಥವಾಯಿತು. ಆ ವರ್ಷ ಫೆಬ್ರವರಿಯಲ್ಲಿ ಬ್ರಿಟನ್‌ಗೆ ಕಾಲುಬಾಯಿ ಜ್ವರ ಬಂತು. ನಮ್ಮಲ್ಲಿ ಲಸಿಕೆ ಹಾಕಿ, ಹುಣ್ಣು ತೊಳೆದು, ದನ ಉಳಿಸಿಕೊಳ್ಳಲು ನೋಡುತ್ತೇವೆ. ಅಲ್ಲಿ ಸರ್ಕಾರದ ನೀತಿ ಕೊಲ್ಲುವುದು. ರೋಗ ಬಂದ ಹಿಂಡು ಮಾತ್ರವಲ್ಲ, ಪಕ್ಕದ ಹಿಂಡನ್ನೂ. ಸುಮಾರು 2,000 ಕಡೆ ರೋಗ ಖಚಿತವಾಯಿತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. ಹೆಚ್ಚು ಪೆಟ್ಟು ತಿಂದ ಕೌಂಟಿಗಳಲ್ಲಿ ಡೆವನ್ ಒಂದು. ಡಾರ್ಟ್‌ಮೂರ್ ಗುಡ್ಡವನ್ನು ತಿಂಗಳುಗಟ್ಟಲೆ ಜನರಿಗೆ ಮುಚ್ಚಿದರು. ಸತ್ತ ಕುರಿಗೆ ಪರಿಹಾರ ಸಿಕ್ಕಿತು. ಹಿಂಡಿನ ನೆನಪಿಗೆ ಪರಿಹಾರ ಕೊಡುವ ಲೆಕ್ಕ ಯಾವ ಸರ್ಕಾರದಲ್ಲೂ ಇಲ್ಲ.

ಎಷ್ಟು ಎಂಬುದೊಂದೇ ಪ್ರಶ್ನೆ ಅಲ್ಲ

1990ರ ದಶಕದ ಹೊತ್ತಿಗೆ ಸರ್ಕಾರದ ಗಾಳಿ ತಿರುಗಿತು. ಕುರಿ ಹೆಚ್ಚಾಗಿ ಗುಡ್ಡದ ಹೀದರ್ ಎಂಬ ನೇರಳೆ ಹೂವಿನ ಕುರುಚಲು ಗಿಡ ನಾಶವಾಗುತ್ತಿದೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳು ಕಡಿಮೆಯಾಗಿವೆ, ಪೀಟ್ ಹಾಳಾಗುತ್ತಿದೆ ಎಂಬ ದೂರು ಬಲವಾಯಿತು. ಡಾರ್ಟ್, ಟೇವಿ, ಟೀನ್ ಮುಂತಾದ ನದಿಗಳು ಹುಟ್ಟುವುದು ಈ ಗುಡ್ಡದಲ್ಲೇ. ಪೀಟ್ ಒಣಗಿದರೆ ನೀರು ಹಿಡಿದಿಡುವ ಶಕ್ತಿಯೂ ಹೋಗುತ್ತದೆ. ಮೊದಲು ಕುರಿ ಹೆಚ್ಚಿಸಲು ಹಣ ಕೊಟ್ಟ ಸರ್ಕಾರ 1994ರಿಂದ ಕುರಿ ಇಳಿಸಲು ಹಣ ಕೊಡತೊಡಗಿತು. ಅಪ್ಪ ಕುರಿ ಹೆಚ್ಚಿಸಿ ಸಹಾಯಧನ ಪಡೆದ, ಮಗ ಕುರಿ ಇಳಿಸಿ ಸಹಾಯಧನ ಪಡೆದ.

ಆದರೆ ಸಂಖ್ಯೆ ಇಳಿದ ಕಡೆಗಳಲ್ಲೂ ಹೀದರ್ ಎಲ್ಲೆಡೆ ಮರಳಲಿಲ್ಲ. ಬದಲಿಗೆ ಮೊಲಿನಿಯಾ ಎಂಬ ಗೊಂಚಲು ಹುಲ್ಲು ಗುಡ್ಡ ತುಂಬಿತು. ಬೇಸಿಗೆಯ ಆರಂಭದಲ್ಲಿ ಎಳೆಯದಾಗಿದ್ದಾಗ ದನ, ಕುದುರೆಗಳು ಅದನ್ನು ಮೇಯುತ್ತವೆ. ಕುರಿ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಚಳಿಗಾಲಕ್ಕೆ ಅದು ಒಣಗಿ ಹೊದಿಕೆಯಂತೆ ಬಿದ್ದು, ಬೇರೆ ಯಾವ ಗಿಡವೂ ಏಳದಂತೆ ಮಾಡುತ್ತದೆ. ಬೆಂಕಿ ಬಿದ್ದರೆ ಧಗಧಗ ಉರಿಯುತ್ತದೆ. ಉಳಿದ ಕುರಿಗಳು ಅದನ್ನು ಬಿಟ್ಟು ಅಳಿದುಳಿದ ಹೀದರ್ ಮೇಲೆಯೇ ಬೀಳುತ್ತವೆ. ಅಂದರೆ ಒಂದೇ ಗುಡ್ಡದಲ್ಲಿ ಒಂದು ಕಡೆ ಮೇವು ಅತಿಯಾಗಿ ಸವೆದಿದೆ, ಇನ್ನೊಂದು ಕಡೆ ಮೇಯುವವರಿಲ್ಲದೆ ಹುಲ್ಲು ಬೆಳೆದು ನಿಂತಿದೆ.

2023ರ ಆರಂಭದಲ್ಲಿ ಪರಿಸರ ಇಲಾಖೆಯ ಸಂಸ್ಥೆಯಾದ 'ನ್ಯಾಚುರಲ್ ಇಂಗ್ಲೆಂಡ್' ಹಕ್ಕುದಾರರಿಗೆ ಪತ್ರ ಬರೆದು, ಸಹಾಯಧನದ ಒಪ್ಪಂದ ಮುಂದುವರಿಯಬೇಕಾದರೆ, ಮುಖ್ಯವಾಗಿ ಚಳಿಗಾಲದಲ್ಲಿ, ಪ್ರಾಣಿಗಳ ಸಂಖ್ಯೆಯನ್ನು ಭಾರಿಯಾಗಿ ಇಳಿಸಬೇಕು ಎಂದಿತು. ನೆಲೆ ಕಲಿತ ಹಿಂಡು ಒಮ್ಮೆ ಹೋದರೆ ಮತ್ತೆ ಬಾರದು ಎಂದು ರೈತರು ಎದ್ದರು. ಏಪ್ರಿಲ್‌ನಲ್ಲಿ ಸಂಸತ್ತಿನಲ್ಲೇ ಚರ್ಚೆ ಆಯಿತು. ಸರ್ಕಾರ ಡೇವಿಡ್ ಫರ್ಸ್‌ಡನ್ ನೇತೃತ್ವದಲ್ಲಿ ಸ್ವತಂತ್ರ ಪರಿಶೀಲನೆ ಮಾಡಿಸಿತು. ಡಿಸೆಂಬರ್‌ನಲ್ಲಿ ಬಂದ ಆ ವರದಿ ಎರಡೂ ಕಡೆಯವರಿಗೆ ಕಹಿಮಾತು ಹೇಳಿತು. ಗುಡ್ಡದ ಪ್ರಕೃತಿಯ ಸ್ಥಿತಿ ಚೆನ್ನಾಗಿಲ್ಲ ಎಂಬುದು ನಿಜ. ಆದರೆ ಸಂಖ್ಯೆ ಇಳಿಸುವುದೊಂದೇ ಮದ್ದಲ್ಲ. ಮೊಲಿನಿಯಾ ಹತ್ತಿಕ್ಕಲು ಬೇಸಿಗೆಯಲ್ಲಿ ದನ, ಕುದುರೆ ಹೆಚ್ಚು ಬೇಕು. ಯಾವ ಪ್ರಾಣಿ, ಯಾವ ತಿಂಗಳು, ಯಾವ ಭಾಗದಲ್ಲಿ ಎಂಬುದನ್ನು ಎಲ್ಲರೂ ಒಟ್ಟಿಗೆ ಕೂತು ತೀರ್ಮಾನಿಸಬೇಕು. ಜಗಳ ಅಲ್ಲಿಗೂ ಮುಗಿಯಲಿಲ್ಲ. ಕೌನ್ಸಿಲ್ ತನ್ನ ಅಧಿಕಾರ ಬಳಸಿ ಸಂಖ್ಯೆ ಇಳಿಸುತ್ತಿಲ್ಲ ಎಂದು ವನ್ಯಜೀವಿ ಸಂಘಟನೆಯೊಂದು 2025ರಲ್ಲಿ ಹೈಕೋರ್ಟಿನವರೆಗೂ ಹೋಯಿತು.

ನಮ್ಮ ಗೋಮಾಳಕ್ಕೆ ಕೇಳಬೇಕಾದ ಪ್ರಶ್ನೆ

1968ರಲ್ಲಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ ಒಂದು ಲೇಖನ ಬರೆದರು. ಎಲ್ಲರಿಗೂ ತೆರೆದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನ, ಮತ್ತೊಂದು ದನ ಎಂದು ಸೇರಿಸುತ್ತಾ ಹೋಗಿ ಕೊನೆಗೆ ಎಲ್ಲರೂ ಹಾಳಾಗುತ್ತಾರೆ ಎಂಬುದು ಅವರ ವಾದ. ಸಾಮೂಹಿಕ ನೆಲವನ್ನು ಸರ್ಕಾರಕ್ಕೋ ಖಾಸಗಿಗೋ ಕೊಡಬೇಕು ಎನ್ನುವವರೆಲ್ಲ ಇಂದಿಗೂ ಇದನ್ನೇ ಹೇಳುತ್ತಾರೆ. ಎಲಿನರ್ ಆಸ್ಟ್ರಮ್ ಎಂಬ ವಿದ್ವಾಂಸೆ ಜಗತ್ತಿನ ಹಲವು ಕಡೆಯ ಮೇವುನೆಲ, ಕಾಲುವೆ, ಮೀನುಗಾರಿಕೆಯನ್ನು ನೋಡಿ ಬೇರೆ ಉತ್ತರ ಕೊಟ್ಟರು. ಯಾರಿಗೆ ಹಕ್ಕಿದೆ ಎಂಬುದು ಸ್ಪಷ್ಟವಾಗಿದ್ದು, ಬಳಸುವವರೇ ನಿಯಮ ಮಾಡಿ, ಅವರೇ ಕಾವಲು ಕಾದರೆ ಸಾಮೂಹಿಕ ನೆಲ ಶತಮಾನಗಳ ಕಾಲ ಬಾಳುತ್ತದೆ ಎಂದು ತೋರಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು.

ಡಾರ್ಟ್‌ಮೂರ್ ಇತಿಹಾಸ ಯಾರ ಕಡೆ ನಿಲ್ಲುತ್ತದೆ? ನಮಗೆ ಕಾಣುವಂತೆ, ಅಲ್ಲಿನ ಹುಲ್ಲು ಹಾಳಾದದ್ದು ಅದು ಎಲ್ಲರದ್ದಾಗಿದ್ದ ಕಾರಣಕ್ಕಲ್ಲ. ಗುಡ್ಡದ ದನಕ್ಕೂ ಮನೆಯ ಬಣವೆಗೂ ಇದ್ದ ಗಂಟನ್ನು ಕಾಗದದ ಅಂಕಿ ಮತ್ತು ತಲೆಗಿಷ್ಟು ಹಣ ಸೇರಿ ಬಿಚ್ಚಿಹಾಕಿದ ಮೇಲೆ.

ನಮ್ಮಲ್ಲಿಯೂ ಗೋಮಾಳಕ್ಕೆ ಒಂದು ಅಂಕಿ ಇದೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ಇದು ನೆಲದ ಲೆಕ್ಕ. ಇಷ್ಟು ದನಕ್ಕೆ ಇಷ್ಟು ಎಕರೆ ಇರಬೇಕು ಎನ್ನುತ್ತದೆ, ಆ ನೆಲವನ್ನು ಯಾರು ಹೇಗೆ ಮೇಯಿಸಬೇಕು ಎಂದು ಹೇಳುವುದಿಲ್ಲ. ಊರಿನಲ್ಲಿ ದನ ಕಡಿಮೆಯಾದರೆ 'ಹೆಚ್ಚುವರಿ ಗೋಮಾಳ' ಎಂದು ಬರೆದು ಬೇರೆ ಕೆಲಸಕ್ಕೆ ಕೊಡಲು ಇದೇ ಲೆಕ್ಕ ಸಾಕಾಗುತ್ತದೆ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪಂಜಾಬಿನ ಒಂದು ಪ್ರಕರಣದಲ್ಲಿ ಹಳ್ಳಿಯ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಿ ಗ್ರಾಮಕ್ಕೆ ಮರಳಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಅದೂ ನೆಲ ಉಳಿಸುವ ಮಾತು.

ಗೋಮಾಳದ ಬಗ್ಗೆ ನಾವು ಬರೆಯುವ ಸುದ್ದಿಗಳಲ್ಲಿ ಸರ್ವೆ ನಂಬರ್, ಒತ್ತುವರಿ, ತಹಶೀಲ್ದಾರರಿಗೆ ಮನವಿ ಇವೇ ಇರುತ್ತವೆ. ಯಾವ ತಿಂಗಳು ಮೇಯಿಸಬೇಕು, ಯಾವ ಭಾಗಕ್ಕೆ ವಿಶ್ರಾಂತಿ ಕೊಡಬೇಕು, ಬೇಸಿಗೆಯಲ್ಲಿ ಬೀಡಾಡಿ ದನಕ್ಕೆ ನೀರು ಎಲ್ಲಿ, ರೋಗ ಬಂದ ಕುರಿ ಯಾರ ಹೊಣೆ ಎಂಬುದು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಕಾಣುವುದು ಅಪರೂಪ. ಒತ್ತುವರಿ ತೆಗೆಸಿದ ಮರುದಿನದಿಂದ ಆ ನೆಲವನ್ನು ನೋಡಿಕೊಳ್ಳುವವರು ಯಾರು ಎಂದು ಬರೆದಿಡದಿದ್ದರೆ ಇನ್ನೊಬ್ಬ ಒತ್ತುವರಿ ಮಾಡುತ್ತಾನೆ, ಇಲ್ಲವೇ ಜಾಲಿ, ಲಂಟಾನ ಒತ್ತುವರಿ ಮಾಡುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಗೋಮಾಳದ ಮಾತು ಬಂದರೆ ಎಕರೆ ಎಷ್ಟು ಎಂದು ಕೇಳಿ. ಅದರ ಜತೆಗೆ, ಅಲ್ಲಿ ಮೇಯುವ ದನ, ಕುರಿ ಯಾರವು, ಅವುಗಳಿಗೆ ಬರಗಾಲದ ಮೂರು ತಿಂಗಳಿಗೆ ಮೇವು ಎಲ್ಲಿದೆ ಎಂದೂ ಕೇಳಿ. ಆ ಸಭೆಗೆ ಪಶುವೈದ್ಯರನ್ನೂ ಕರೆಯಿರಿ, ಕುರಿಗಾಹಿಗಳನ್ನೂ ಕರೆಯಿರಿ.